ಹಳೆಯ ಅಚ್ಚು, ಹೊಸ ಸಿಪಾಯಿ: ಆರಿಸುವುದು, ಎರಕ ಹೊಯ್ಯುವುದು ಹೇಗೆ?

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆ ಮಾಡುವಾಗ ಪ್ರತಿಯೊಂದಕ್ಕೂ ಹೊಸದಾಗಿ ಉಳಿ ತಾಗುತ್ತದೆ. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು ಮಾಡುವ ಎರಕದ ಆಟಿಕೆ ಸಿಪಾಯಿ ಹಾಗಲ್ಲ. ಯಾರೋ ಕುಶಲಿ ಒಮ್ಮೆ ಅಚ್ಚಿನೊಳಗೆ ಕೊರೆದಿಟ್ಟ ಮುಖ, ಗುಂಡಿ, ಬಂದೂಕುಗಳೇ ನೂರಾರು ಸಲ ಹೊರಬರಬೇಕು. ಅಚ್ಚಿಗೆ ಒಂದು ಗೀರು ಬಿದ್ದರೆ ಆಮೇಲೆ ಹುಟ್ಟುವ ಎಲ್ಲ ಸಿಪಾಯಿಗಳ ಮೈಮೇಲೂ ಅದು ಏಳುತ್ತದೆ. ಹಳೆಯ ಅಚ್ಚು ಸಂಗ್ರಹಿಸುವವರು ಮೊದಲು ನೆನಪಿಡಬೇಕಾದದ್ದು ಇದು.

ಹುಡುಕುವುದು: ಮನೆಯಲ್ಲೇ ಎರಕ ಹೊಯ್ಯುವ ಲೋಹದ ಅಚ್ಚುಗಳಿಗೆ ಜರ್ಮನಿಯ ಲೈಪ್‌ಜಿಗ್‌ನ ಗೆಬ್ರೂಡರ್ ಷ್ನೈಡರ್ ಕಂಪನಿ ಹೆಸರುವಾಸಿ; ರಬ್ಬರ್ ಅಚ್ಚುಗಳಿಗೆ ಐರ್ಲೆಂಡಿನ ಪ್ರಿನ್ಸ್ ಆಗಸ್ಟ್ ಕಂಪನಿ. ಬಳ್ಳಾರಿಯ ಗುಜರಿ ಅಂಗಡಿಗಳನ್ನೇ ನೆಚ್ಚಿಕೊಂಡು ಕೂರಬೇಡಿ, ಆನ್‌ಲೈನ್ ಹರಾಜುಗಳನ್ನು ನೋಡಿ. ಅಚ್ಚಿನ ಎರಡೂ ಹೋಳುಗಳ ಒಳಬದಿಯ ಫೋಟೊ ತರಿಸಿಕೊಳ್ಳದೆ ಹಣ ಕಳುಹಿಸಬೇಡಿ. ಒಂಟಿ ಹೋಳು ಎಷ್ಟು ಚೆಂದವಿದ್ದರೂ ಎರಕಕ್ಕೆ ಬಾರದು. ಹಳೆಯ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿರುವುದೂ ಉಂಟು.

ಪರೀಕ್ಷಿಸುವುದು: ಅಚ್ಚನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ತೂರಿದರೆ ಅಂಚು ಬಾಗಿರಬೇಕು, ಇಲ್ಲವೇ ಹಳೆಯ ಲೋಹದ ಚೂರು ಅಂಟಿರಬೇಕು. ಚೂರನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ, ಚಾಕು ಬೇಡ. ಬಂದೂಕಿನ ತುದಿಯಿಂದ ಹೊರ ಅಂಚಿಗೆ ಹೋಗುವ ಕೂದಲೆಳೆಯಂಥ ಗೆರೆಗಳು ದೋಷವಲ್ಲ, ಒಳಗಿನ ಗಾಳಿ ಹೊರಹೋಗುವ ದಾರಿ. ಮರಳುಕಾಗದವನ್ನಂತೂ ಮುಟ್ಟಲೇಬೇಡಿ. ಹೊಳಪು ಬರಲೆಂದು ನಾನೊಮ್ಮೆ ಉಜ್ಜಿ, ಕಹಳೆಯವನೊಬ್ಬನ ಅಂಗಿಯ ಗುಂಡಿಗಳನ್ನೆಲ್ಲ ಅಳಿಸಿಬಿಟ್ಟೆ. ಆ ಸಂಕಟ ಇನ್ನೂ ಹೋಗಿಲ್ಲ.

ಲೋಹ: ಹಿಂದೆ ಸೀಸ ಹೆಚ್ಚು ಬಳಕೆಯಲ್ಲಿತ್ತು. ಅದು ವಿಷ, ಮಕ್ಕಳ ಮೆದುಳಿಗೆ ಇನ್ನೂ ಕೆಡುಕು. ಪಾತ್ರೆಗೆ ಕಲಾಯಿ ಹಾಕಲು ಬಳಸುವ ತವರ ಸಾಕು. ಆದರೆ ಸೀಸ ಬೆರೆಯದ ಶುದ್ಧ ತವರವನ್ನೇ ಕೇಳಿ ತನ್ನಿ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಸಾಕು. ಅಡುಗೆಯ ಪಾತ್ರೆ, ಸೌಟುಗಳನ್ನು ಇದಕ್ಕೆ ಬಳಸಬೇಡಿ.

ಎರಕ ಹೊಯ್ಯುವುದು: ಗಾಳಿಯಾಡುವ ಜಾಗ, ದಪ್ಪ ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ಕರಗಿದ ಲೋಹಕ್ಕೆ ಒಂದು ಹನಿ ನೀರು ಸೇರಿದರೂ ಅದು ತಟ್ಟನೆ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ನಮ್ಮ ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಹಣೆಯ ಬೆವರೇ ಆ ಹನಿಯಾಗಬಹುದು. ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ, ಹಣೆಗೆ ಬಟ್ಟೆ ಬಿಗಿಯಿರಿ.

ಲೋಹದ ಅಚ್ಚಿನ ಒಳಮೈಗೆ ದೀಪದ ಮಸಿಯನ್ನು ತೆಳ್ಳಗೆ ಹಿಡಿಸಿ. ರಬ್ಬರಿಗಾದರೆ ಟಾಲ್ಕಂ ಪೌಡರ್. ಹೋಳುಗಳನ್ನು ಬಿಗಿದು, ಧಾರೆ ಕಡಿಯದಂತೆ ಒಂದೇ ಸಲ ಹೊಯ್ಯಿರಿ. ಲೋಹದ ಅಚ್ಚು ತಣ್ಣಗಿರುವಾಗ ಮೊದಮೊದಲ ಸಿಪಾಯಿಗಳಿಗೆ ಕೈ ಇರದು, ಬಂದೂಕಿನ ತುದಿ ಇರದು. ಬೇಸರಿಸದೆ ಅವನ್ನು ಮತ್ತೆ ಕರಗಿಸಿ. ಅಚ್ಚು ಕಾಯುತ್ತಾ ಹೋದಂತೆ ಮೀಸೆಯ ಎಳೆಯೂ ಮೂಡುತ್ತದೆ.

ಎತ್ತಿಡುವಾಗ ಎರಡೂ ಹೋಳುಗಳನ್ನು ಒಟ್ಟಿಗೆ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಆ ಅಚ್ಚಿನಲ್ಲೇ ಎರೆದ ಒಬ್ಬ ಒಳ್ಳೆಯ ಸಿಪಾಯಿಯನ್ನೂ ಅದರ ಜೊತೆಗಿಡಿ. ವರ್ಷಗಳ ಮೇಲೆ ಅಚ್ಚು ಎಷ್ಟು ಸವೆದಿದೆ ಎಂದು ಅವನ ಮುಖಕ್ಕೆ ಹೊಸಬನ ಮುಖ ಹೋಲಿಸಿ ನೋಡಬಹುದು.