ಕೆಸ್ಟ್ರೆಲ್ ಎಂಜಿನ್ನಿನಲ್ಲಿ ನೀರಿನ ಸೋರಿಕೆ ಹುಡುಕಿದ ನನ್ನ ಅನುಭವ

ಬೆಂಗಳೂರಿನಲ್ಲಿ ವಿಮಾನದ ಎಂಜಿನ್‌ಗಳ ಕೆಲಸ ಕಲಿತು ಇಂಗ್ಲೆಂಡಿಗೆ ಬಂದ ನನಗೆ, ಹಳೆಯ ವಿಮಾನಗಳನ್ನು ಮತ್ತೆ ಹಾರುವ ಸ್ಥಿತಿಗೆ ತರುವ ಕಾರ್ಯಾಗಾರವೊಂದರಲ್ಲಿ ರೋಲ್ಸ್‌ರಾಯ್ಸ್ ಕೆಸ್ಟ್ರೆಲ್ ಎಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸುವ ಅವಕಾಶ ಸಿಕ್ಕಿತು. ಎರಡು ಮಹಾಯುದ್ಧಗಳ ನಡುವೆ ಹಾಕರ್ ಹಾರ್ಟ್ ಮತ್ತು ಫ್ಯೂರಿ ವಿಮಾನಗಳನ್ನು ಹಾರಿಸಿದ ಎಂಜಿನ್ ಇದು. 1931ರಲ್ಲಿ ಸೇವೆಗೆ ಬಂದ ಫ್ಯೂರಿ, ಸಮತಲ ಹಾರಾಟದಲ್ಲಿ ಗಂಟೆಗೆ 200 ಮೈಲಿ ಮೀರಿದ ಬ್ರಿಟಿಷ್ ವಾಯುಪಡೆಯ ಮೊದಲ ಯುದ್ಧವಿಮಾನ.

ಅದಕ್ಕೆ ಹಿಂದೆ ಅಮೆರಿಕದ ಕರ್ಟಿಸ್ ಡಿ-12 ಎಂಜಿನ್ ಹೊತ್ತ ಫೇರಿ ಫಾಕ್ಸ್ ತನ್ನ ವೇಗದಿಂದ ಬ್ರಿಟಿಷರನ್ನು ಬೆಚ್ಚಿಬೀಳಿಸಿತ್ತು. ಅದಕ್ಕೆ ಉತ್ತರವಾಗಿ ಆರ್ಥರ್ ರೌಲೆಡ್ಜ್ ರೂಪಿಸಿದ ಕೆಸ್ಟ್ರೆಲ್‌ನಲ್ಲಿ 60 ಡಿಗ್ರಿ ಕೋನದ ವಿ ಆಕಾರದಲ್ಲಿ ನಿಂತ 12 ಸಿಲಿಂಡರುಗಳಿವೆ. ಒಳವ್ಯಾಸ 5 ಇಂಚು, ಪಿಸ್ಟನ್ನಿನ ಓಟ 5.5 ಇಂಚು, ಒಟ್ಟು ಸಾಮರ್ಥ್ಯ ಸುಮಾರು 21 ಲೀಟರ್. ಒಂದು ಸಾಲಿನ ಆರು ಸಿಲಿಂಡರುಗಳು ಬ್ಲಾಕ್ ಎನ್ನುವ ಒಂದೇ ಅಲ್ಯೂಮಿನಿಯಂ ಎರಕದಲ್ಲಿರುತ್ತವೆ, ಒಳಗೆ ಪಿಸ್ಟನ್ ಓಡಾಡುವ ಉಕ್ಕಿನ ಕೊಳವೆಗಳಾದ ಲೈನರುಗಳು, ಅವುಗಳ ಸುತ್ತ ನೇರವಾಗಿ ನೀರು. ಈ ನೀರನ್ನು ಒತ್ತಡದಲ್ಲಿಡುವುದು ಬಹಳ ಮುಖ್ಯ, ಏಕೆಂದರೆ 5,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಇಳಿದು ನೀರು ಸುಮಾರು 83 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯತೊಡಗುತ್ತದೆ. ಒತ್ತಡ ಹೆಚ್ಚಿದಷ್ಟೂ ಕುದಿಬಿಂದು ಮೇಲೇರಿ ಚಿಕ್ಕ ರೇಡಿಯೇಟರ್ ಸಾಕಾಗುತ್ತದೆ, ಆದರೆ ಲೈನರ್ ಕೂಡುವ ಪ್ರತಿ ಜಾಗವೂ ಆ ಒತ್ತಡವನ್ನು ತಾಳಬೇಕು.

ಮೊದಲ ಸಲ ಜೋಡಿಸಿದಾಗ ನಾವು ತಣ್ಣೀರು ತುಂಬಿ ಒತ್ತಡ ಕೊಟ್ಟು ನೋಡಿದೆವು. ಒಂದು ಹನಿಯೂ ಸೋರಲಿಲ್ಲ. ನೆಲದ ಮೇಲೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಓಡಿಸಿದ ಮರುದಿನ ಬೆಳಿಗ್ಗೆ ಪ್ರೊಪೆಲರನ್ನು ಕೈಯಿಂದ ತಿರುಗಿಸುವಾಗ ಅದು ಗೋಡೆಗೆ ತಾಗಿದಂತೆ ತಟ್ಟನೆ ನಿಂತಿತು. ಇಂಥ ಸಮಯದಲ್ಲಿ ಬಲವಂತವಾಗಿ ತಿರುಗಿಸಲೇಬಾರದು, ಏಕೆಂದರೆ ಸಿಲಿಂಡರಿನಲ್ಲಿ ನಿಂತ ನೀರು ಕುಗ್ಗುವುದಿಲ್ಲ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ತೆಗೆದು ಮೆಲ್ಲನೆ ತಿರುಗಿಸಿದಾಗ, ಬಲ ಸಾಲಿನ ನಾಲ್ಕನೆಯ ಸಿಲಿಂಡರಿನಿಂದ ತುಕ್ಕಿನ ಬಣ್ಣದ ನೀರು ಚಿಮ್ಮಿ ನನ್ನ ತೋಳಿನ ಮೇಲೆ ಬಿತ್ತು. ತಣ್ಣೀರಿನ ಪರೀಕ್ಷೆಯನ್ನು ನಂಬಿದ ತಪ್ಪು ನನ್ನದೇ.

ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬ್ಲಾಕ್ ಲೈನರಿಗಿಂತ ಹೆಚ್ಚು ಉದ್ದವಾಗಿ ಲೈನರಿನ ಮೇಲ್ತುದಿಯ ಹಿಡಿತ ಸಡಿಲವಾಗುತ್ತದೆ. ತಣ್ಣಗಿದ್ದಾಗ ಬಿಗಿಯಾಗಿದ್ದ ಜಾಗವೇ ಆಗ ಬಾಯಿ ಬಿಡುತ್ತದೆ. ಆದ್ದರಿಂದ ಎರಡನೆಯ ಸಲ ಬ್ಲಾಕನ್ನು ಎಂಜಿನ್ನಿಗೆ ಕೂರಿಸುವ ಮೊದಲೇ, ಎಂಜಿನ್ನಿನ ಕೆಳಗಿನ ಕವಚವಾದ ಕ್ರ್ಯಾಂಕ್‌ಕೇಸಿನ ಬದಲು ಲೈನರಿನ ಅಳತೆಯ ರಂಧ್ರಗಳಿದ್ದ ದಪ್ಪ ಉಕ್ಕಿನ ಹಲಗೆಗೆ ಅದನ್ನು ಬಿಗಿದೆ. ಡ್ರಮ್ಮಿನಲ್ಲಿ ಕಾಯಿಸಿದ ನೀರನ್ನು ಪಂಪಿನಿಂದ ಹರಿಸುತ್ತ, ಒತ್ತಡವನ್ನು ಚದರ ಇಂಚಿಗೆ 30 ಪೌಂಡಿನಲ್ಲಿ ನಿಲ್ಲಿಸಿ, ಕನ್ನಡಿ ಮತ್ತು ದೀಪ ಹಿಡಿದು ರಂಧ್ರಗಳ ಮೂಲಕ ಮೇಲ್ಭಾಗವನ್ನು ನೋಡುತ್ತ ಕುಳಿತೆ. ಬಹಳ ಹೊತ್ತು ಏನೂ ಕಾಣಲಿಲ್ಲ. ನೀರಿನ ಶಾಖ 70 ಡಿಗ್ರಿ ದಾಟಿದ ಮೇಲೆ ನಾಲ್ಕನೆಯ ಲೈನರಿನ ಮೇಲಂಚಿನಲ್ಲಿ ಕೂದಲೆಳೆಯಷ್ಟು ತೇವದ ಗೆರೆ ಮೂಡಿ, ನೋಡನೋಡುತ್ತ ಒಂದು ಹನಿಯಾಗಿ ಜಾರಿತು.

ಬಿಚ್ಚಿ ನೋಡಿದರೆ, ಲೈನರ್ ಒತ್ತಿ ಕೂರುವ ಅಲ್ಯೂಮಿನಿಯಂ ಮುಖದಲ್ಲಿ ಬಿಳಿಯ ಪುಡಿ ಕಟ್ಟಿದ ಸಣ್ಣ ಕುಳಿಗಳಿದ್ದವು. ಎಲ್ಲೆಲ್ಲಿ ತಾಗುತ್ತದೆಂದು ತಿಳಿಯಲು ಲೈನರಿನ ಅಂಚಿಗೆ ನೀಲಿ ಬಣ್ಣ ಸವರಿ ಕೂರಿಸಿ ತೆಗೆದಾಗ ಬಣ್ಣ ಅರ್ಧ ವೃತ್ತಕ್ಕಷ್ಟೇ ಹತ್ತಿತ್ತು. ನಯವಾದ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಾಳ್ಮೆಯಿಂದ ಉಜ್ಜಿ, ಇಡೀ ಸುತ್ತಿಗೂ ಬಣ್ಣ ಸಮನಾಗಿ ಹತ್ತುವವರೆಗೆ ಮೂರು ದಿನ ಆ ಒಂದೇ ಮುಖದ ಮೇಲೆ ಕೆಲಸ ಮಾಡಿದೆ. ಕೆಳಗಿನ ರಬ್ಬರ್ ರಿಂಗುಗಳನ್ನೆಲ್ಲ ಹೊಸದಾಗಿ ಹಾಕಿ, ನಟ್ಟುಗಳನ್ನು ನಡುವಿನಿಂದ ಹೊರಗಡೆಗೆ ಹಲವು ಸುತ್ತುಗಳಲ್ಲಿ ಸ್ವಲ್ಪಸ್ವಲ್ಪವೇ ಬಿಗಿದೆ. ಬಿಸಿನೀರಿನ ಪರೀಕ್ಷೆಯಲ್ಲಿ ಒಂದು ಗಂಟೆ ಕಳೆದರೂ ಎಲ್ಲಿಯೂ ತೇವ ಕಾಣಿಸಲಿಲ್ಲ. ಆದರೂ ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿದೆ.

ಎಂಜಿನ್ ಓಡಿಸಿದ ಮರುದಿನ ಬೆಳಿಗ್ಗೆ ಪ್ರೊಪೆಲರ್ ಅಡ್ಡಿಯಿಲ್ಲದೆ ತಿರುಗಿತು. ಒಂದೊಂದಾಗಿ ತೆಗೆದು ನೋಡಿದ 24 ಪ್ಲಗ್ಗುಗಳೂ ಒಣಗಿದ್ದವು.