ಬೆಣ್ಣೆ ದೋಸೆ ಊರಿನಲ್ಲಿ ತೂಕ ಇಳಿಸುವುದು ಹೇಗೆ?

ಬೆಳಿಗ್ಗೆ ಆರಕ್ಕೆ ಕುಂದವಾಡ ಕೆರೆ ಏರಿಗೆ ಹೋದರೆ ಅರ್ಧ ದಾವಣಗೆರೆ ಅಲ್ಲೇ ಸಿಗುತ್ತದೆ. ಸೀರೆ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ ಅಮ್ಮಂದಿರು, ಮಂಕಿ ಕ್ಯಾಪ್ ಹಾಕಿದ ಯಜಮಾನರು, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗರು. ಯಾವ ನಟಿ ಅನ್ನ ಬಿಟ್ಟಳು, ಯಾವ ಹೀರೊ ಎಷ್ಟು ಕೆ.ಜಿ ಇಳಿಸಿದ ಎಂಬುದೇ ಮಾತು. ಎಂಟು ಗಂಟೆಗೆ ನೋಡಿದರೆ ಅದೇ ಗುಂಪಿನ ಕಾಲು ಭಾಗ ದೋಸೆ ಅಂಗಡಿ ಮುಂದೆ ನಿಂತಿರುತ್ತದೆ. ಆ ಕಾಲು ಭಾಗದಲ್ಲಿ ನಾನೂ ಒಬ್ಬಳು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ನಮ್ಮ ಪಕ್ಕದ ಮನೆ ಅಕ್ಕ ಮೊಬೈಲಿನಲ್ಲಿ ಯಾರನ್ನೋ ನೋಡಿ ಕೀಟೊ ಶುರು ಮಾಡಿದರು. ಅನ್ನ, ರೊಟ್ಟಿ, ಮುದ್ದೆ ಎಲ್ಲ ಬಂದ್. ಪನೀರು, ತುಪ್ಪ, ಬಾದಾಮಿ ಅಷ್ಟೆ. ಮೊದಲ ವಾರಕ್ಕೇ ಮೂರು ಕೆ.ಜಿ ಇಳಿದು ಓಣಿಗೆಲ್ಲ ಸುದ್ದಿಯಾಯಿತು. ನಾಲ್ಕನೇ ವಾರ ತಮ್ಮನ ಮನೆಯಲ್ಲಿ ಮದುವೆ ಬಂತು. ಹೋಳಿಗೆ ಮುಂದೆ ಕೀಟೊ ನಿಲ್ಲಲಿಲ್ಲ. ಎರಡು ತಿಂಗಳಲ್ಲಿ ಮೂರೂ ಕೆ.ಜಿ ವಾಪಸ್ ಬಂದವು, ಬಾಚಣಿಗೆ ತುಂಬ ಕೂದಲು ಬೇರೆ.

ಇದರಲ್ಲಿ ಮಾಯವೇನೂ ಇಲ್ಲ. ನಾವು ತಿಂದ ಅನ್ನ, ರೊಟ್ಟಿಯ ಸ್ವಲ್ಪ ಭಾಗ ಗ್ಲೈಕೊಜನ್ ಆಗಿ ಯಕೃತ್ತು, ಸ್ನಾಯುಗಳಲ್ಲಿ ಕೂಡಿರುತ್ತದೆ. ಅದರ ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ಬಿಟ್ಟ ಕೂಡಲೇ ಮೊದಲು ಖಾಲಿಯಾಗುವುದು ಆ ನೀರು. ತಕ್ಕಡಿಗೆ ನೀರು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಗಡಿಬಿಡಿಯಲ್ಲಿ ತೂಕ ಇಳಿಸಿದರೆ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದು, ಪಿತ್ತಕೋಶದಲ್ಲಿ ಕಲ್ಲಾಗುವುದು ವೈದ್ಯರಿಗೆ ಹಳೇ ವಿಷಯ. ಅಂದ ಹಾಗೆ, ಕೀಟೊ ಹುಟ್ಟಿದ್ದು ತೆಳ್ಳಗಾಗಲಿಕ್ಕಲ್ಲ. 1921ರಲ್ಲಿ ಅಮೆರಿಕದ ವೈದ್ಯರು ಮೂರ್ಛೆರೋಗದವರಿಗಾಗಿ ಹೇಳಿದ ಪಥ್ಯ ಅದು.

ಇನ್ನು ತಾರೆಯರ ಕತೆ. 2016ರ 'ದಂಗಲ್' ಚಿತ್ರಕ್ಕೆ ಆಮಿರ್ ಖಾನ್ 97 ಕೆ.ಜಿ ವರೆಗೆ ತೂಕ ಏರಿಸಿಕೊಂಡು ಮೊದಲು ವಯಸ್ಸಾದ ಪಾತ್ರದ ಚಿತ್ರೀಕರಣ ಮುಗಿಸಿದರು. ಆಮೇಲೆ ತಿಂಗಳುಗಟ್ಟಲೆ ಬಿಡುವು ತೆಗೆದುಕೊಂಡು ತೂಕ ಇಳಿಸಿ ಹರೆಯದ ಪೈಲ್ವಾನ ಆದರು. ಆ ತಿಂಗಳುಗಳಲ್ಲಿ ಮೈ ಇಳಿಸುವುದೇ ಅವರ ನೌಕರಿ. ಕಲಿಸುವವರು, ಅಳೆದು ಬಡಿಸುವವರು ಎಲ್ಲ ಇದ್ದರು. ನಮ್ಮಲ್ಲಿ ಅಳೆದು ಬಡಿಸುವವರು ಯಾರಿದ್ದಾರೆ? ನಾವೇ ಬಡಿಸಬೇಕು, ಉಳಿದದ್ದು ಕೆಡಬಾರದೆಂದು ಕೊನೆಗೆ ನಾವೇ ತಿನ್ನಬೇಕು. ಈಗೀಗ ಇಂಜೆಕ್ಷನ್ನೂ ಬಂದಿದೆ. ತೂಕ ಇಳಿಸಲು ಔಷಧಿ ತೆಗೆದುಕೊಂಡೆ ಎಂದು ಅಮೆರಿಕದ ಟಿವಿ ತಾರೆ ಓಪ್ರಾ ವಿನ್‌ಫ್ರೀ 2023ರ ಡಿಸೆಂಬರಿನಲ್ಲಿ ಬಾಯಿಬಿಟ್ಟು ಹೇಳಿದರು. ಹಾಗೆ ಹೇಳದವರು ಎಷ್ಟು ಮಂದಿಯೋ! ಅವರ ಡಯಟ್ ಚಾರ್ಟಿನಲ್ಲಿ ಬರೀ ನಿಂಬೆಹಣ್ಣಿನ ನೀರು ಇರುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದು ಏನು? ಯಾವ ಪಥ್ಯ ಹಿಡಿಯುವ ಮುಂಚೆಯೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಮುಂದಿನ ಯುಗಾದಿಗೂ ಹೀಗೇ ಉಣ್ಣಲು ಆಗುತ್ತದಾ? ಆಗಲ್ಲ ಅನಿಸಿದರೆ ಇವತ್ತೂ ಬೇಡ.

ಮೊದಲು ಟೇಪು, ಆಮೇಲೆ ತಕ್ಕಡಿ

ಟೈಲರ್ ಟೇಪು ತೆಗೆದುಕೊಳ್ಳಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಪ್ಯಾಂಟಿನ ನಂಬರು ನಂಬಬೇಡಿ, ಗಂಡಸರು ಅದನ್ನು ಹೊಟ್ಟೆ ಕೆಳಗೆ ಕಟ್ಟುತ್ತಾರೆ. ಗಂಡಸರಿಗೆ 90 ಸೆಂ.ಮೀ, ಹೆಂಗಸರಿಗೆ 80 ಸೆಂ.ಮೀ ದಾಟಿದರೆ ಎಚ್ಚರಿಕೆ ಎಂದು ಲೆಕ್ಕ. ಬಿಎಂಐ (ಕೆ.ಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) ಕೂಡ ನಮ್ಮವರಿಗೆ 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು. 5 ಅಡಿ 3 ಇಂಚು ಎತ್ತರದವರಿಗೆ 59 ಕೆ.ಜಿ ಮೊದಲ ಗೆರೆ, 64 ಎರಡನೆಯದು. ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು. ಪ್ರತಿ ಸಲವೂ ಅದೇ ದಿನ, ಬೆಳಿಗ್ಗೆ, ಕಾಫಿಗೆ ಮುಂಚೆ.

78 ಕೆ.ಜಿ ಇರುವವರು 59ರ ಕನಸು ಕಾಣುವುದು ಬೇಡ. ಇರುವ ತೂಕದಲ್ಲಿ ನೂರಕ್ಕೆ ಐದು ಭಾಗ, ಅಂದರೆ ನಾಲ್ಕು ಕೆ.ಜಿ ಇಳಿದರೂ ಬಿಪಿ, ಶುಗರ್‌ನಲ್ಲಿ ಫರಕು ಕಾಣಿಸುತ್ತದೆ. ಒಂದು ಕೆ.ಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ವಾರಕ್ಕೆ ಅರ್ಧ ಕೆ.ಜಿ ಇಳಿಯಬೇಕಾದರೆ ದಿನಕ್ಕೆ 550 ಕ್ಯಾಲೊರಿ ತಗ್ಗಬೇಕು. ಈ 550 ಎಲ್ಲಿಂದ ತರುವುದು ಅನ್ನುವುದೇ ಮುಂದಿನ ಕೆಲಸ.

ಎಣ್ಣೆ ಪ್ಯಾಕೆಟ್ ಎಣಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು, ಯಾವ ತಾರೆಯೂ ಇದನ್ನು ಹೇಳಿದ್ದು ನಾನು ಕೇಳಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ ಎಂದಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ ಮೂರೂವರೆ ಲೀಟರ್ ಆಯಿತು. ನಮ್ಮ ಮನೆ ಕಿರಾಣಿ ಚೀಟಿ ತೆಗೆದು ನೋಡಿದೆ: ಲೀಟರಿನ ಆರು ಪ್ಯಾಕೆಟ್! ಬೆಣ್ಣೆ, ತುಪ್ಪ ಅದರಲ್ಲಿ ಸೇರಿಲ್ಲ. ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 45 ಗ್ರಾಂ ಹೋಗುತ್ತಿತ್ತು. ಹೆಚ್ಚಿಗೆ ಹೋದ 18 ಗ್ರಾಮೇ 160 ಕ್ಯಾಲೊರಿ, ಅದೂ ನಾಲಿಗೆಗೆ ಗೊತ್ತಾಗದ ಹಾಗೆ.

ಎಣ್ಣೆ ಡಬ್ಬಿಯನ್ನು ಒಲೆ ಪಕ್ಕದಿಂದ ಎತ್ತಿಬಿಡಿ. ಬೆಳಿಗ್ಗೆಯೇ ನಾಲ್ಕು ಜನಕ್ಕೆ ಎಂಟು ಟೇಬಲ್ ಚಮಚದಷ್ಟನ್ನು ಒಂದು ಬಟ್ಟಲಿಗೆ ಸುರಿದಿಡಿ, ಆವತ್ತಿನ ಅಡುಗೆ ಅದರಲ್ಲೇ ಮುಗಿಯಬೇಕು. ಮೊದಲ ದಿನ ಮಧ್ಯಾಹ್ನಕ್ಕೇ ಬಟ್ಟಲು ತಳ ಕಂಡಿತು, ರಾತ್ರಿ ಪಲ್ಯ ಸೀದು ಎಲ್ಲರೂ ಮುಖ ಮುಖ ನೋಡಿದರು. ಎರಡನೇ ವಾರಕ್ಕೆ ಒಗ್ಗರಣೆ ಒಂದೇ ಚಮಚದಲ್ಲಿ ಆಗತೊಡಗಿತು.

ಮುದ್ದೆಗೂ ಲೆಕ್ಕ ಇದೆ

ರಾಗಿ ಮುದ್ದೆ ತಿಂದರೆ ಇಳಿಯುತ್ತದೆ, ಅನ್ನ ತಿಂದರೆ ಏರುತ್ತದೆ ಅನ್ನುವವರು ಚಿತ್ರದುರ್ಗದ ಕಡೆ ಬಹಳ. ರಾಗಿಯಲ್ಲಿ ನಾರು, ಸುಣ್ಣದಂಶ ಜಾಸ್ತಿ, ಬೇಗ ಹಸಿವಾಗಲ್ಲ, ಅದೆಲ್ಲ ನಿಜ. ಆದರೆ 100 ಗ್ರಾಂ ಹಿಟ್ಟಿನ ಮುದ್ದೆ ಎಂದರೆ 320 ಕ್ಯಾಲೊರಿ. ಹೊಲದಲ್ಲಿ ದುಡಿದ ಅಜ್ಜ ಉಂಡ ಮುದ್ದೆಯನ್ನು ಬ್ಯಾಂಕಿನಲ್ಲಿ ಕೂತ ಮೊಮ್ಮಗನೂ ಉಂಡರೆ ಹೇಗೆ? ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಒಂದಕ್ಕೆ 165. ಮೂರು ತಿನ್ನುತ್ತಿದ್ದವರು ಎರಡಕ್ಕೆ ನಿಲ್ಲಿಸಿ, ಆ ಜಾಗಕ್ಕೆ ಹೆಸರುಕಾಳು ಇಲ್ಲವೇ ಅಲಸಂದೆ ಉಸುಳಿ, ಸೊಪ್ಪಿನ ಪಲ್ಯ, ಸೌತೆಕಾಯಿ, ಮಜ್ಜಿಗೆ ಹಾಕಿಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಒಂದರಲ್ಲಿ ಆರು ಗ್ರಾಂ ಪ್ರೊಟೀನ್ ಸಿಗುತ್ತದೆ. ಪ್ರೊಟೀನ್ ಇಲ್ಲದೆ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಚಹಾ ಮರೆಯಬೇಡಿ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಅಲ್ಲೇ 160 ಕ್ಯಾಲೊರಿ. ಎರಡು ಚಹಾ ಬಿಡಿ, ಉಳಿದದ್ದಕ್ಕೆ ಒಂದೊಂದು ಚಮಚ ಹಾಕಿ.

ಎಣ್ಣೆಯ 160, ಒಂದು ರೊಟ್ಟಿಯ 165, ಸಕ್ಕರೆಯ 120. ಇಷ್ಟೊತ್ತಿಗೆ 445 ಸಿಕ್ಕಿತು. ಉಸುಳಿ, ಮಜ್ಜಿಗೆಯಲ್ಲಿ ಸ್ವಲ್ಪ ವಾಪಸ್ ಹೋಗುತ್ತದೆ, ಇರಲಿ. ಉಳಿದದ್ದಕ್ಕೆ ನಡಿಗೆ ಇದೆ. 70 ಕೆ.ಜಿ ಇರುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 140 ಕ್ಯಾಲೊರಿ ಖರ್ಚು. ಬಿರುಸು ಅಂದರೆ ಮಾತಾಡಬಹುದು, ಹಾಡಲಿಕ್ಕೆ ಆಗಬಾರದು. ಏರಿ ಮೇಲೆ ನಿಂತು ರಾಜಕೀಯ ಮಾತಾಡಿದ್ದು ಲೆಕ್ಕಕ್ಕಿಲ್ಲ.

ದೋಸೆ ಬಿಡಬೇಕಾ?

ಬೇಡ. ಆದರೆ ನಡೆದದ್ದಕ್ಕೆ ಸರಿಹೋಯಿತು ಅಂದುಕೊಂಡು ತಿನ್ನಬೇಡಿ. ಎರಡು ಟೇಬಲ್ ಚಮಚ ಬೆಣ್ಣೆಯೇ 200 ಕ್ಯಾಲೊರಿ, ದೋಸೆ, ಪಲ್ಯ, ಚಟ್ನಿಯ ಲೆಕ್ಕ ಬೇರೆ. ಹೋದ ತಿಂಗಳು ಸೌದೆ ಒಲೆ ಮುಂದೆ ನಿಂತು, "ಅಣ್ಣಾ, ಬೆಣ್ಣೆ ಸ್ವಲ್ಪ ಕಡಿಮೆ ಹಾಕು" ಅಂದೆ. ಕಾವಲಿ ಮೇಲೆ ಬೆಣ್ಣೆ ಉಂಡೆ ಎಸೆಯುತ್ತಿದ್ದವನು ತಿರುಗಿ ನೋಡಿದ. "ಅಕ್ಕಾ, ಹಂಗಾದ್ರೆ ಖಾಲಿ ದೋಸಿ ತಗೊಳ್ರಿ. ಬೆಣ್ಣಿ ದೋಸಿಗೆ ಬೆಣ್ಣಿ ಕಡಿಮಿ ಹಾಕಿದ್ರೆ ನಮ್ ಅಂಗಡಿ ಮರ್ಯಾದಿ ಹೋಗ್ತತಿ." ಸರಿಯಾಗೇ ಹೇಳಿದ. ನಾನೀಗ ಮೂರು ವಾರ ಖಾಲಿ, ನಾಲ್ಕನೇ ವಾರ ಬೆಣ್ಣೆ ಎಂದು ಮಾಡಿಕೊಂಡಿದ್ದೇನೆ. ಮಂಡಕ್ಕಿಯೂ ಹಾಗೇ. ಒಂದು ಬಟ್ಟಲು ಬರೀ ಮಂಡಕ್ಕಿ ಹಗುರ. ಹೊಟ್ಟೆ ಬೆಳೆಸುವುದು ಅದಕ್ಕೆ ಬೀಳುವ ಎಣ್ಣೆ, ಪಕ್ಕದಲ್ಲಿ ಬರುವ ಎರಡು ಮಿರ್ಚಿ.

ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾದವರು

ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆ ಕೇಳಲೇಬೇಕು, ಸಕ್ಕರೆ ಅಂಶ ಏಕಾಏಕಿ ಇಳಿದುಬಿಟ್ಟೀತು. ಬಸುರಿ, ಬಾಣಂತಿಯರು, ಥೈರಾಯ್ಡ್, ಕಿಡ್ನಿ ತೊಂದರೆ ಇರುವವರೂ ಅಷ್ಟೆ. ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡದೆ ತೋರಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಆ ಇಂಜೆಕ್ಷನ್ನುಗಳೂ ವೈದ್ಯರು ಬರೆದುಕೊಟ್ಟರೆ ಮಾತ್ರ.

ಒಂದೆರಡು ತಿಂಗಳಾದ ಮೇಲೆ ತಕ್ಕಡಿ ಮುಳ್ಳು ಮೂರು ವಾರ ಅಲ್ಲೇ ನಿಲ್ಲುವುದೂ ಉಂಟು. ಆಗ ಹೊಸ ಡಯಟ್ ಹುಡುಕಬೇಡಿ, ಕಿರಾಣಿ ಚೀಟಿ ತೆಗೆದು ನೋಡಿ. ನಮ್ಮ ಮನೆಯಲ್ಲಿ ಶ್ರಾವಣದ ಚೀಟಿಯಲ್ಲಿ ಎಣ್ಣೆ ಮತ್ತೆ ಐದು ಪ್ಯಾಕೆಟ್‌ಗೆ ಏರಿತ್ತು.