ನಾಲ್ಕನೇ ಟರ್ಕಿ ಗೆದ್ದಿತು

ಈ ಸಲದ ಥ್ಯಾಂಕ್ಸ್‌ಗಿವಿಂಗ್‌ಗೆ ಡಲ್ಲಾಸ್‌ನ ನಮ್ಮ ಹಿತ್ತಲಲ್ಲಿ, ಕಮಾಡೊದಲ್ಲಿ (ಮೊಟ್ಟೆ ಆಕಾರದ ಸೆರಾಮಿಕ್ ಇದ್ದಿಲ ಒಲೆ) ಇಡೀ ಟರ್ಕಿ ಕೋಳಿ ಇಟ್ಟೆ. ಊಟಕ್ಕೆ ಹದಿನಾಲ್ಕು ಜನ. ಮೂಳೆ ಬಿಟ್ಟು ಏನೂ ಉಳಿಯಲಿಲ್ಲ. "ಹೊಗೆಯಲ್ಲಿ ಇಡೀ ಹಕ್ಕಿ ಆಗಲ್ಲಪ್ಪಾ, ಬೆನ್ನು ಕತ್ತರಿಸಿ ಚಪ್ಪಟೆ ಮಾಡು, ಇಲ್ಲಾ ಓವನ್‌ಗೆ ಹಾಕು" ಅಂತ ಮೂರು ವರ್ಷದಿಂದ ಹೇಳುತ್ತಿದ್ದ ಭಾವನೇ ಎರಡು ಸಲ ಚರ್ಮ ಕೇಳಿ ಹಾಕಿಸಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಬ್ರಿಸ್ಕೆಟ್ (ನಿಧಾನವಾಗಿ ಬೇಯಿಸುವ ದನದ ಎದೆಮಾಂಸ) ಲೆಕ್ಕದಲ್ಲೇ 225 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಟ್ಟೆ. ಹತ್ತಿರ ಹತ್ತಿರ ಏಳು ಗಂಟೆ. ಮಾಂಸ ಪರವಾಗಿಲ್ಲ, ಚರ್ಮ ಮಾತ್ರ ಚಕ್ಕಳ. ಆ ಶಾಖಕ್ಕೆ ಚರ್ಮದ ಕೊಬ್ಬು ಸರಿಯಾಗಿ ಇಳಿದು ಗರಿಯಾಗಲ್ಲ. ಎರಡನೇ ವರ್ಷ ಎರಡು ತಪ್ಪು. ಇದು ಟೆಕ್ಸಾಸ್ ಅಲ್ಲವಾ ಅಂತ ಇಲ್ಲೇ ಬೆಳೆಯುವ, ಗಾಟು ಹೊಗೆಯ ಮೆಸ್ಕಿಟ್ ಕಟ್ಟಿಗೆ ಹಾಕಿದೆ, ನಾಲಿಗೆ ಕಹಿ ಆಯಿತು. ಜೊತೆಗೆ ಫ್ರೋಜನ್ ಹಕ್ಕಿಗೆ ಹೆಚ್ಚಾಗಿ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ. ಲೇಬಲ್ ಓದದೆ ಮೇಲೆ ಮತ್ತೆ ಉಪ್ಪು ಸವರಿದ್ದೆ. ಬಾಯಿಗೆ ಇಡೋಕೆ ಆಗಲಿಲ್ಲ. ಮೂರನೇ ಸಲ ಕೆಳಗಿನ ಗಾಳಿಕಿಂಡಿ ಜಾಸ್ತಿ ತೆರೆದು ಒಳಗೆ ಹೋದೆ. ವಾಪಸ್ ಬಂದಾಗ 450 ಡಿಗ್ರಿ. ಸೆರಾಮಿಕ್ ಒಮ್ಮೆ ಕಾದರೆ ಬಿಸಿ ಸುಲಭಕ್ಕೆ ಇಳಿಯಲ್ಲ. ಎದೆ ಮಾಂಸ ಪೂರ್ತಿ ಒಣಗಿಹೋಯಿತು. ಹರಿದು ಪಲಾವ್‌ಗೆ ಹಾಕಿದೆವು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕಮಾಡೊ ಸೆಕೆಂಡ್ ಹ್ಯಾಂಡ್, ಸುಮಾರು 450 ಡಾಲರ್. ಹಾಳಾದ ಮೂರು ಹಕ್ಕಿ, ಇದ್ದಿಲು, ಕಟ್ಟಿಗೆ ಸೇರಿ 150ರ ಮೇಲೆ. ಅಗ್ಗದ ಥರ್ಮಾಮೀಟರ್ 12 ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಒಳ್ಳೆಯದಕ್ಕೆ 90 ಕೊಟ್ಟೆ, ಅದೊಂದು ಖರ್ಚಿಗೆ ಬೇಜಾರಿಲ್ಲ. ಈ ಸಲ ಉಪ್ಪುನೀರು ಚುಚ್ಚದ ತಾಜಾ ಹಕ್ಕಿ ತಂದೆ. 13 ಪೌಂಡ್, ಸುಮಾರು 40 ಡಾಲರ್.

ಮಂಗಳವಾರ ರಾತ್ರಿಯೇ ಮೂರು ದೊಡ್ಡ ಚಮಚ ಕೋಷರ್ ಉಪ್ಪು (ದಪ್ಪ ಹರಳಿನದು), ಒಂದು ಚಮಚ ಬೇಕಿಂಗ್ ಪೌಡರ್ ಬೆರೆಸಿ ಸವರಿದೆ. ಮುಚ್ಚದೆ ಫ್ರಿಜ್‌ನಲ್ಲಿ ಹಬ್ಬದ ಗುರುವಾರದವರೆಗೆ ಇಟ್ಟೆ. ಚರ್ಮ ಕಾಗದದ ಹಾಗೆ ಒಣಗಬೇಕು. ಮಸಾಲೆ ಬೆಣ್ಣೆ ಚರ್ಮದ ಕೆಳಗೆ ಮಾತ್ರ: ಬ್ಯಾಡಗಿ ಮೆಣಸಿನ ಪುಡಿ, ಹುರಿದ ಕೊತ್ತಂಬರಿ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ. ಬೆಳ್ಳುಳ್ಳಿ ಮೇಲೆ ಹಚ್ಚಿದರೆ ಸೀದುಹೋಗುತ್ತೆ. ಇನ್ನೂ ಒಂದು ಪದಾರ್ಥ ಇದೆ, ಅದು ಅಮ್ಮನ ಮಸಾಲೆ ಡಬ್ಬಿಯದು. ಅದನ್ನು ಮಾತ್ರ ಹೇಳಲ್ಲ.

ಒಲೆಗೆ ಇಡುವ ಮುಂಚೆ ಮುಕ್ಕಾಲು ಗಂಟೆ ಎದೆ ಮೇಲೆ ಐಸ್ ಚೀಲ ಇಟ್ಟೆ. ಎದೆ ತಣ್ಣಗಿದ್ದರೆ ಕಾಲು ಮುಂದೆ ಓಡುತ್ತೆ, ಎರಡೂ ಒಟ್ಟಿಗೆ ಬೇಯುತ್ತವೆ. ಕಾಲು ಹಿಂಜ್ ಕಡೆಗೆ, ನನ್ನ ಕಮಾಡೊದಲ್ಲಿ ಅಲ್ಲೇ ಬಿಸಿ ಜಾಸ್ತಿ. ಡಿಫ್ಲೆಕ್ಟರ್ (ಬೆಂಕಿಯ ನೇರ ಬಿಸಿ ತಡೆಯುವ ಹಲಗೆ) ಮೇಲೆ ಫಾಯಿಲ್ ಉಂಡೆ ಇಟ್ಟು, ಅದರ ಮೇಲೆ ಎಣ್ಣೆ ಬೀಳುವ ತಟ್ಟೆ. ತಟ್ಟೆ ನೇರ ಇಟ್ಟರೆ ಗ್ರೇವಿಗೆ ಬೇಕಾದ ರಸ ಸೀಯುತ್ತೆ. ಪೀಕಾನ್ (ಹದವಾದ ಹೊಗೆ ಕೊಡುವ ಮರ) ಕಟ್ಟಿಗೆ ಎರಡೇ ತುಂಡು. ದಟ್ಟ ಬಿಳಿ ಹೊಗೆ ಹೋಗಿ ತಿಳಿಯಾದ ಮೇಲೆ ಇಟ್ಟೆ. 325ಕ್ಕೆ ನಿಲ್ಲಿಸಿ ಮೂರು ಗಂಟೆ ಮುಚ್ಚಳ ಮುಟ್ಟಲಿಲ್ಲ. ಎದೆ 160 ಮುಟ್ಟಿದಾಗ ತೆಗೆದೆ. ನಲವತ್ತು ನಿಮಿಷ ಬಿಟ್ಟಾಗ ತಾನೇ 165 ದಾಟಿತು. ಫಾಯಿಲ್ ಬಿಗಿಯಾಗಿ ಮುಚ್ಚಬೇಡಿ, ಹಬೆಗೆ ಚರ್ಮ ಮತ್ತೆ ಮೆತ್ತಗಾಗುತ್ತೆ. ಕತ್ತಿ ಇಟ್ಟಾಗ ಕರಕರ ಅಂತ ಕೇಳಿಸಿತು. ಆ ಸದ್ದಿಗೆ ನಾಲ್ಕು ವರ್ಷ ಕಾದಿದ್ದೆ.

ಹಿಂದೊಮ್ಮೆ ಕಾಲಿಗೆ ಕೊಡಗಿನ ಕಾಚಂಪುಳಿ (ಕಪ್ಪಗಿನ ಗಟ್ಟಿ ಹುಳಿರಸ) ಹಚ್ಚಿ ನೋಡಿದ್ದೆ. ರುಚಿ ಅದ್ಭುತ, ಆದರೆ ಚರ್ಮ ಕಪ್ಪಾಗಿ ಒದ್ದೆಯಾಯಿತು. ಅದು ಗ್ರೇವಿಗೇ ಸರಿ. ಟರ್ಕಿ ತೆಗೆದ ಮೇಲೆ ಉಳಿದ ಬಿಸಿಗೆ ನಾಲ್ಕು ಬದನೆಕಾಯಿ ಇಟ್ಟೆ. ಆ ಗೊಜ್ಜು ಟರ್ಕಿಗಿಂತ ಬೇಗ ಖಾಲಿ ಆಯಿತು.

ಮೂಳೆ ಎಸೆಯಬೇಡಿ. ಶುಕ್ರವಾರ ನೀರಿಗೆ ಹಾಕಿ ಮೂರು ಗಂಟೆ ಕುದಿಸಿ ಸಾರು ಮಾಡಿದೆವು, ರಾಗಿ ಮುದ್ದೆ ಜೊತೆ. ಹೊಗೆ ವಾಸನೆ ಸಾರಿಗೂ ಇಳಿದಿತ್ತು. ಭಾವ ಅದಕ್ಕೂ ಬಂದರು.